ಹಿಂದಿನವರ ಕಾಲಿಗೆ ಗುಳ್ಳೆ ಏಳುತ್ತಿರಲಿಲ್ಲವೇ? ದಂಡಿಗೆ ನಡೆದ ಮೈಲಾರ ಮಹಾದೇವರ ಬದುಕು ಮತ್ತು ಅಂಗಾಲಿನ ವಿಜ್ಞಾನ

ಹುಬ್ಬಳ್ಳಿಯ ಉಣಕಲ್ ಕೆರೆಯ ದಂಡೆಯಲ್ಲಿ, ಕರ್ನಾಟಕ ವಿಶ್ವವಿದ್ಯಾಲಯದ ಆವರಣದಲ್ಲಿ, ಧಾರವಾಡದಿಂದ ಹೆಬ್ಬಳ್ಳಿ ಕಡೆಗೆ ಹೋಗುವ ರಸ್ತೆಯಲ್ಲಿ ಬೆಳಗಿನ ಹೊತ್ತು ಓಡುವವರು ಈಗ ಕಾಣಸಿಗುತ್ತಾರೆ. 5 ಕಿ.ಮೀ., 10 ಕಿ.ಮೀ. ಎನ್ನುತ್ತ 21 ಕಿ.ಮೀ.ಗೆ ಬಂದವರಲ್ಲಿ ಹಲವರಿಗೆ ಒಂದು ತೊಂದರೆ ಚೆನ್ನಾಗಿ ಗೊತ್ತು. ಅಂಗಾಲಲ್ಲೋ, ಹಿಮ್ಮಡಿಯಲ್ಲೋ, ಬೆರಳ ಬದಿಯಲ್ಲೋ ನೀರು ತುಂಬಿದ ಗುಳ್ಳೆ ಏಳುವುದು. ಕೆಲವು ಊರುಗಳಲ್ಲಿ ಇದನ್ನು ಬೊಬ್ಬೆ ಎನ್ನುತ್ತಾರೆ, ಕೆಲವು ಕಡೆ ಬೊಕ್ಕೆ. ಹೆಸರು ಯಾವುದಾದರೂ ಮಾರನೆಯ ದಿನ ನೆಲಕ್ಕೆ ಕಾಲೂರುವುದು ಕಷ್ಟ.

ಇದನ್ನು ಮನೆಯಲ್ಲಿ ಹೇಳಿಕೊಂಡರೆ ಬರುವ ಉತ್ತರವೂ ಗೊತ್ತಿರುವಂಥದ್ದೇ. ಹಿಂದಿನ ಮಂದಿ ದಿನಕ್ಕೆ ಹತ್ತಾರು ಮೈಲಿ ಬರಿಗಾಲಲ್ಲಿ ನಡೆಯುತ್ತಿದ್ದರು, ಅವರ ಅಂಗಾಲು ಕಲ್ಲಿನಂತಿತ್ತು, ಅವರಿಗೆ ಗುಳ್ಳೆ ಗಿಳ್ಳೆ ಏನೂ ಇರಲಿಲ್ಲ, ಈಗಿನವರ ಕಾಲು ನಾಜೂಕು. ಈ ಮಾತು ಎಷ್ಟು ನಿಜ? ಪರೀಕ್ಷಿಸಲು ಒಬ್ಬ ನಡಿಗೆಗಾರರ ಬದುಕನ್ನೇ ನೋಡೋಣ. ಅವರು ನಮ್ಮ ಭಾಗದವರೇ. ಹಳೆಯ ಧಾರವಾಡ ಜಿಲ್ಲೆಯ ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪ.

ಮೋಟೆಬೆನ್ನೂರಿನಿಂದ ಸಾಬರಮತಿಗೆ

ಮಹಾದೇವಪ್ಪನವರು ಹುಟ್ಟಿದ್ದು 1911ರ ಜೂನ್ 8ರಂದು. ತಂದೆ ಮಾರ್ತಾಂಡಪ್ಪ, ತಾಯಿ ಬಸಮ್ಮ. ಮೋಟೆಬೆನ್ನೂರು ಬ್ಯಾಡಗಿ ತಾಲ್ಲೂಕಿನ ಊರು. ಆಗ ಅದು ಮುಂಬೈ ಪ್ರಾಂತ್ಯದ ಧಾರವಾಡ ಜಿಲ್ಲೆಯಲ್ಲಿತ್ತು; 1997ರಲ್ಲಿ ಜಿಲ್ಲೆಗಳು ಬೇರೆಯಾದ ಮೇಲೆ ಹಾವೇರಿ ಜಿಲ್ಲೆಗೆ ಸೇರಿತು.

ಹದಿಹರೆಯದಲ್ಲೇ ಅವರನ್ನು ಖಾದಿ ಸೆಳೆಯಿತು. ನೂಲುವುದು, ನೂಲಿಸುವುದು, ಖಾದಿಯ ವಿಷಯವನ್ನು ಊರೂರಿಗೆ ತಲುಪಿಸುವುದು ಆಗಿನ ಎಷ್ಟೋ ಯುವಕರಿಗೆ ಸ್ವಾತಂತ್ರ್ಯ ಹೋರಾಟದ ಬಾಗಿಲಾಗಿತ್ತು. ಅದೇ ಬಾಗಿಲಿನಿಂದ ಒಳಬಂದ ಮಹಾದೇವಪ್ಪನವರು ಗುಜರಾತಿನ ಸಾಬರಮತಿ ಆಶ್ರಮ ಸೇರಿದರು. ಆಶ್ರಮದ ದಿನಚರಿ ಕಠಿಣ. ನಸುಕಿನಲ್ಲಿ ಏಳಬೇಕು, ಪ್ರಾರ್ಥನೆ, ನೂಲುವಿಕೆ, ಕಕ್ಕಸು ತೊಳೆಯುವುದೂ ಸೇರಿದಂತೆ ಎಲ್ಲ ಕೆಲಸ ಸ್ವತಃ ಮಾಡಬೇಕು. ಗಾಂಧೀಜಿ ಅಲ್ಲಿ ದಿನವೂ ತಪ್ಪದೆ ನಡೆಯುತ್ತಿದ್ದರು, ಅದೂ ವೇಗವಾಗಿ.

1930ರಲ್ಲಿ ಉಪ್ಪಿನ ಕಾನೂನು ಮುರಿಯಲು ದಂಡಿಗೆ ನಡೆದು ಹೋಗುವುದೆಂದು ತೀರ್ಮಾನವಾದಾಗ ಗಾಂಧೀಜಿ ತಮ್ಮ ಜತೆಗೆ ಆಶ್ರಮದ ಶಿಸ್ತಿಗೆ ಒಗ್ಗಿದವರನ್ನು ಆರಿಸಿಕೊಂಡರು. ಹಾಗೆ ಹೊರಟ 78 ಮಂದಿಯ ಪಟ್ಟಿಯಲ್ಲಿ ಕರ್ನಾಟಕದ ಹೆಸರು ಒಂದೇ ಒಂದು: ಮಹಾದೇವ ಮಾರ್ತಾಂಡ. ಆಗ ಅವರ ವಯಸ್ಸು 18. ಗುಂಪಿನಲ್ಲಿ ಅತಿ ಕಿರಿಯರ ಪೈಕಿ ಅವರೂ ಒಬ್ಬರು.

385 ಕಿ.ಮೀ. ಎಂದರೆ ಎಷ್ಟು?

1930ರ ಮಾರ್ಚ್ 12ರ ಬೆಳಗ್ಗೆ ಹೊರಟ ತಂಡ ಏಪ್ರಿಲ್ 5ರಂದು ದಂಡಿ ಮುಟ್ಟಿತು. ಮರುದಿನ ಬೆಳಗ್ಗೆ ಉಪ್ಪು ಎತ್ತಲಾಯಿತು. ದಾರಿ ಸುಮಾರು 385 ಕಿ.ಮೀ. ಸೋಮವಾರ ಗಾಂಧೀಜಿಯವರ ಮೌನದ ದಿನ, ಅಂದು ನಡಿಗೆ ಇರಲಿಲ್ಲ. ಅದನ್ನು ಬಿಟ್ಟು ಲೆಕ್ಕ ಹಾಕಿದರೆ ದಿನಕ್ಕೆ ಸರಾಸರಿ 18 ಕಿ.ಮೀ. ಆಸುಪಾಸು. ಹುಬ್ಬಳ್ಳಿಯಿಂದ ಧಾರವಾಡಕ್ಕೆ ಇರುವುದು ಸುಮಾರು 20 ಕಿ.ಮೀ. ಅಂದರೆ ಅವರು ದಿನವೂ ಹೆಚ್ಚು ಕಡಿಮೆ ಹುಬ್ಬಳ್ಳಿಯಿಂದ ಧಾರವಾಡದವರೆಗೆ ನಡೆದರು. ಒಂದು ದಿನಕ್ಕಾದರೆ ದೊಡ್ಡ ಮಾತೇನಲ್ಲ. ಅದನ್ನೇ ಮೂರು ವಾರಕ್ಕೂ ಮೀರಿ, ಮಾರ್ಚ್ ಕೊನೆಯ ಬಿಸಿಲಿನಲ್ಲಿ, ದೂಳಿನ ರಸ್ತೆಯಲ್ಲಿ ಮಾಡಬೇಕೆಂದರೆ ಕಾಲಿಗೆ ಬೇರೆಯೇ ಲೆಕ್ಕ.

ಒಂದು ಹೆಜ್ಜೆ 70 ಸೆಂ.ಮೀ. ಎಂದಿಟ್ಟುಕೊಂಡರೆ 385 ಕಿ.ಮೀ.ಗೆ 5.5 ಲಕ್ಷ ಹೆಜ್ಜೆ ಬೇಕು. ಒಂದೊಂದು ಅಂಗಾಲು 2.75 ಲಕ್ಷ ಸಲ ನೆಲಕ್ಕೆ ಒತ್ತಿ, ಜಗ್ಗಿ, ಎದ್ದಿದೆ. ಇಷ್ಟಾದ ಮೇಲೆ ಏನಾಗುತ್ತದೋ ಅದು ಆ ತಂಡದಲ್ಲೂ ಆಯಿತು. ಹೊರಟ ಕೆಲವೇ ದಿನಗಳಲ್ಲಿ ಹಲವರ ಕಾಲಿಗೆ ಗುಳ್ಳೆ ಎದ್ದವು. ಕೆಲವರು ಸುಸ್ತಾದರು, ಕೆಲವರು ಕಾಯಿಲೆ ಬಿದ್ದರು. 60 ದಾಟಿದ್ದ ಗಾಂಧೀಜಿಗಾಗಿ ಒಂದು ಕುದುರೆ ಸಿದ್ಧವಿತ್ತು, ಅವರು ಅದನ್ನು ಏರಲಿಲ್ಲ.

ಇಲ್ಲೊಂದು ಸ್ವಾರಸ್ಯವಿದೆ. ದಣಿದ ಯುವಕರನ್ನು ನೋಡಿ ಗಾಂಧೀಜಿ ಈ ತಲೆಮಾರಿನವರು ನಾಜೂಕು, ಮುದ್ದಿನಲ್ಲಿ ಬೆಳೆದವರು ಎಂಬರ್ಥದ ಮಾತಾಡಿ ಚುಚ್ಚಿದ್ದರು. ಅಂದರೆ ನಾವು ಇಂದು ಕಲ್ಲಿನ ಕಾಲಿನವರು ಎಂದು ಹೊಗಳುವ ಅದೇ ತಲೆಮಾರಿಗೆ, ಅವರ ಕಾಲದಲ್ಲೇ, ಅವರ ಹಿರಿಯರಿಂದ ಇದೇ ದೂರು ಬಂದಿತ್ತು. ಹಿಂದಿನವರಿಗೆ ಗುಳ್ಳೆ ಏಳುತ್ತಿರಲಿಲ್ಲ ಎಂಬ ನಂಬಿಕೆ ಇಲ್ಲಿಗೇ ಬಿತ್ತು. ಗುಳ್ಳೆ ಏಳುವುದು ತಲೆಮಾರಿನ ಗುಣದಿಂದಲ್ಲ. ಹಾಗಾದರೆ ಯಾವುದರಿಂದ?

ಗುಳ್ಳೆ ಏಳುವುದು ಹೇಗೆ?

ಬೂಟು ಅಥವಾ ಚಪ್ಪಲಿ ಚರ್ಮವನ್ನು ಮೇಲಿನಿಂದ ಉಜ್ಜಿ ಉಜ್ಜಿ ಸವೆಸುತ್ತದೆ, ಅದಕ್ಕೆ ಗುಳ್ಳೆ ಬರುತ್ತದೆ ಎಂದು ಬಹಳ ಮಂದಿ ತಿಳಿದಿದ್ದಾರೆ. ಮೇಲಿನಿಂದ ಉಜ್ಜಿದರೆ ಆಗುವುದು ತರಚು ಗಾಯ. ಗುಳ್ಳೆ ಹುಟ್ಟುವುದು ಚರ್ಮದ ಒಳಗೆ.

ಒಂದು ಸಣ್ಣ ಪ್ರಯೋಗ ಮಾಡಿ. ಎಡಗೈಯ ಮೇಲ್ಭಾಗದ ಮೇಲೆ ಬಲಗೈಯ ತೋರುಬೆರಳನ್ನು ಒತ್ತಿ ಹಿಡಿಯಿರಿ. ಬೆರಳು ಜಾರದಂತೆ ನೋಡಿಕೊಂಡು ಹಿಂದೆ ಮುಂದೆ ಅಲ್ಲಾಡಿಸಿ. ಬೆರಳು ಚರ್ಮಕ್ಕೆ ಅಂಟಿಕೊಂಡೇ ಇದೆ, ಆದರೆ ಚರ್ಮ ಕೆಳಗಿನ ಮೂಳೆಯ ಮೇಲೆ ಅತ್ತಿತ್ತ ಎಳೆದಾಡುತ್ತಿದೆ, ಅಲ್ಲವೇ? ಈ ಅಡ್ಡ ಎಳೆತವೇ ಗುಳ್ಳೆಯ ಮೂಲ. ಹೆಜ್ಜೆ ಇಟ್ಟಾಗ ಅಂಗಾಲಿನ ಮೇಲ್ಚರ್ಮ ಕಾಲುಚೀಲಕ್ಕೋ ಚಪ್ಪಲಿಗೋ ಕಚ್ಚಿಕೊಂಡು ನಿಲ್ಲುತ್ತದೆ. ಒಳಗಿನ ಮೂಳೆ ಮಾತ್ರ ಮುಂದಕ್ಕೆ ಸಾಗುತ್ತದೆ. ನಡುವೆ ಸಿಕ್ಕ ಚರ್ಮದ ಪದರಗಳು ಪ್ರತಿ ಹೆಜ್ಜೆಗೂ ಅಡ್ಡಡ್ಡ ಜಗ್ಗಲ್ಪಡುತ್ತವೆ. ಒಂದು ತಂತಿಯನ್ನು ಹಿಂದೆ ಮುಂದೆ ಬಗ್ಗಿಸುತ್ತ ಹೋದರೆ ಕೊನೆಗೊಮ್ಮೆ ಅದು ಮುರಿಯುವಂತೆ, ಸಾವಿರಾರು ಸಲ ಜಗ್ಗಿದ ಮೇಲೆ ಮೇಲ್ಚರ್ಮದ ನಡುಪದರದ ಕೋಶಗಳು ಹರಿದು ಬೇರೆಯಾಗುತ್ತವೆ. ಆ ಸಂದಿಗೆ ಎರಡು ಗಂಟೆಯೊಳಗೆ ಸುತ್ತಲಿನ ದ್ರವ ಬಂದು ತುಂಬಿಕೊಳ್ಳುತ್ತದೆ. ನಮಗೆ ಕಾಣುವ ಗುಳ್ಳೆ ಅದೇ.

ಅಂಗೈ ಮತ್ತು ಅಂಗಾಲುಗಳಲ್ಲೇ ಗುಳ್ಳೆ ಹೆಚ್ಚು ಏಕೆ? ಅಲ್ಲಿನ ಹೊರಪದರ ದಪ್ಪ ಮತ್ತು ಗಟ್ಟಿ. ತೆಳು ಚರ್ಮವಾದರೆ ಮೇಲಿನಿಂದಲೇ ಕಿತ್ತು ಬರುತ್ತದೆ. ದಪ್ಪ ಚರ್ಮ ಮೇಲೆ ಕಿತ್ತು ಬರುವುದಿಲ್ಲ, ಒಳಗೆ ಬಿರಿಯುತ್ತದೆ. ಹೊಲದಲ್ಲಿ ಹೊಸದಾಗಿ ಗುದ್ದಲಿ ಹಿಡಿದವರ ಅಂಗೈಯಲ್ಲಿ ಗುಳ್ಳೆ ಏಳುವುದೂ ಇದೇ ಕಾರಣಕ್ಕೆ.

ಹೀಗಾಗಿ ಗುಳ್ಳೆಗೆ ಬೇಕಾದ ಸಾಮಗ್ರಿ ಮೂರು: ಚರ್ಮ ಹಿಡಿದುಕೊಳ್ಳುವಷ್ಟು ಘರ್ಷಣೆ, ಮೂಳೆಯ ಚಲನೆ ಮತ್ತು ಅದು ಮತ್ತೆ ಮತ್ತೆ ನಡೆಯುವುದು. ಧೈರ್ಯ, ಛಲಗಳು ಈ ಪಟ್ಟಿಯಲ್ಲಿಲ್ಲ.

ಬೆವರು, ಕೆಸರು ಮತ್ತು ಮಹಿ ನದಿ

ಮೂರರಲ್ಲಿ ಘರ್ಷಣೆಯನ್ನು ಹೆಚ್ಚಿಸುವುದು ಮುಖ್ಯವಾಗಿ ತೇವ. ಪೂರ್ತಿ ಒಣಗಿದ ಚರ್ಮ ಜಾರುತ್ತದೆ, ನೀರಿನಲ್ಲಿ ತೊಯ್ದು ತೊಟ್ಟಿಕ್ಕುವ ಚರ್ಮವೂ ಜಾರುತ್ತದೆ. ಇವೆರಡರ ನಡುವಿನ ಸ್ಥಿತಿ, ಅಂದರೆ ಬೆವರಿನಿಂದ ಪಸೆಪಸೆಯಾದ ಚರ್ಮ, ಎಲ್ಲಕ್ಕಿಂತ ಹೆಚ್ಚು ಅಂಟಿಕೊಳ್ಳುತ್ತದೆ. ಪುಸ್ತಕದ ಹಾಳೆ ತಿರುವಲು ಬೆರಳನ್ನು ಒದ್ದೆ ಮಾಡಿಕೊಳ್ಳುತ್ತೇವಲ್ಲ, ಅದೇ ತತ್ತ್ವ. ಓಟದ ಮೊದಲ ಅರ್ಧ ಗಂಟೆ ಏನೂ ಆಗದೆ ಆಮೇಲೆ ಗುಳ್ಳೆಯ ಉರಿ ಶುರುವಾಗಲು ಒಂದು ಕಾರಣ, ಅಷ್ಟು ಹೊತ್ತಿಗೆ ಕಾಲುಚೀಲ ಬೆವರಿನಿಂದ ನೆನೆದಿರುವುದು. ದಾರಿಯಲ್ಲಿ ತಲೆಗೆ ನೀರು ಸುರಿದುಕೊಳ್ಳುವವರು ಇದನ್ನು ನೆನಪಿಡಬೇಕು. ಆ ನೀರು ಕೊನೆಗೆ ಇಳಿಯುವುದು ಬೂಟಿನೊಳಗೆ.

ದಂಡಿ ಯಾತ್ರೆಯಲ್ಲಿ ಈ ತೇವದ ಪರೀಕ್ಷೆ ಮಾರ್ಚ್ 19ರ ರಾತ್ರಿ ಎದುರಾಯಿತು. ಅಂದು ತಂಡ ಮಹಿ ನದಿ ದಾಟಬೇಕಿತ್ತು. ಸಮುದ್ರದ ಉಬ್ಬರ ಇಳಿತ ತಟ್ಟುವ ಜಾಗ ಅದು. ದೋಣಿಯಲ್ಲಿ ಒಂದಿಷ್ಟು ದಾರಿ, ಉಳಿದದ್ದು ಮೊಣಕಾಲುದ್ದದ ಕೆಸರಿನಲ್ಲಿ. ಕೆಸರು ಮೆತ್ತಿದ, ನೆನೆದ, ಒಂದು ವಾರದ ನಡಿಗೆಯಿಂದ ಈಗಾಗಲೇ ಬಳಲಿದ ಕಾಲು; ಅದರ ಮೇಲೆ ಮರಳಿನ ಕಣಗಳು. ಗುಳ್ಳೆಗೆ ಇದಕ್ಕಿಂತ ಹದವಾದ ಪರಿಸ್ಥಿತಿ ಬೇರೆ ಬೇಕಿಲ್ಲ.

ಹಾಗಿದ್ದೂ ತಂಡ ದಂಡಿ ಮುಟ್ಟಿತು. ಮನೋಬಲದ ಪಾತ್ರವನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಆ ಯಾತ್ರೆಯ ಏರ್ಪಾಡನ್ನು ಗಮನಿಸಿದರೆ ಕಾಲಿನ ಲೆಕ್ಕವೂ ಅದರಲ್ಲಿ ಇದ್ದದ್ದು ಕಾಣುತ್ತದೆ. ಒಂದೇ ದಮ್ಮಿಗೆ 18 ಕಿ.ಮೀ. ನಡೆಯುತ್ತಿರಲಿಲ್ಲ. ಬೆಳಗಿನ ತಂಪಿನಲ್ಲೊಂದು ಪಾಲು, ಸಂಜೆ ಇನ್ನೊಂದು ಪಾಲು, ನಡುವೆ ಬಿಸಿಲ ಹೊತ್ತಿನಲ್ಲಿ ಯಾವುದಾದರೂ ಹಳ್ಳಿಯಲ್ಲಿ ತಂಗುವುದು. ವಾರಕ್ಕೊಂದು ದಿನ ಪೂರ್ತಿ ವಿರಾಮ. ಹೆಗಲ ಚೀಲದಲ್ಲಿ ಹಾಸಿಗೆ, ಬದಲಿ ಬಟ್ಟೆ, ತಕಲಿ, ದಿನಚರಿ ಪುಸ್ತಕ, ನೀರಿನ ಲೋಟದಂಥ ಅಗತ್ಯ ವಸ್ತುಗಳು ಮಾತ್ರ. ಭಾರ ಹೆಚ್ಚಿದಷ್ಟೂ ಅಂಗಾಲಿನ ಮೇಲಿನ ಒತ್ತಡ ಮತ್ತು ಎಳೆತ ಹೆಚ್ಚುತ್ತವೆ. ಭಾರ ಹೊತ್ತು ಸಾಗುವ ಸೈನಿಕರಲ್ಲಿ ಗುಳ್ಳೆ ಸಾಮಾನ್ಯ ಸಮಸ್ಯೆಯಾಗಿರುವುದು ಇದಕ್ಕೇ. ದಾರಿಯ ಹಳ್ಳಿಗಳವರು ರಸ್ತೆಗೆ ನೀರು ಚಿಮುಕಿಸಿ, ಎಲೆ ಹಾಸಿ ದೂಳನ್ನೂ ತಗ್ಗಿಸುತ್ತಿದ್ದರು.

ಹಂಚಿದ ದೂರ, ತಂಪಿನ ಹೊತ್ತು, ಹಗುರ ಹೊರೆ, ವಾರದ ವಿರಾಮ. ಹದಿನೆಂಟು ವರ್ಷದ ಮಹಾದೇವಪ್ಪನವರನ್ನೂ ಅವರ ಜತೆಗಾರರನ್ನೂ ಕಡಲತೀರಕ್ಕೆ ಮುಟ್ಟಿಸಿದ್ದರಲ್ಲಿ ಇವುಗಳ ಪಾಲು ಸಣ್ಣದಲ್ಲ.

ಬರಿಗಾಲೇ ಮೇಲು ಎನ್ನುವುದು ನಿಜವೇ?

ಬರಿಗಾಲ ಓಟದ ಮಾತು ಬಂದಾಗ ಇಥಿಯೋಪಿಯಾದ ಅಬೆಬೆ ಬಿಕಿಲಾ ಅವರ ಹೆಸರು ಬಂದೇ ಬರುತ್ತದೆ. 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಸಿಕ್ಕ ಹೊಸ ಬೂಟು ಕಾಲಿಗೆ ಒಗ್ಗದೆ ಅವರು ಬರಿಗಾಲಲ್ಲೇ ಮ್ಯಾರಥಾನ್ ಓಡಿ ಗೆದ್ದರು. ಆದರೆ ಈ ಕಥೆಯ ಉಳಿದ ಅರ್ಧವನ್ನು ಹೇಳುವವರು ಕಡಿಮೆ. ಅವರು ಮೊದಲೇ ಬರಿಗಾಲಲ್ಲಿ ಓಡಿ ಅಭ್ಯಾಸ ಮಾಡಿದ್ದರು. ನಾಲ್ಕು ವರ್ಷದ ನಂತರ ಟೋಕಿಯೊದಲ್ಲಿ ಅವರು ಬೂಟು ತೊಟ್ಟು ಓಡಿದರು, ಇನ್ನೂ ವೇಗವಾಗಿ ಓಡಿ ಮತ್ತೆ ಗೆದ್ದರು. ಈ ಕಥೆ ಬರಿಗಾಲಿನ ಮಹಿಮೆಯನ್ನು ಸಾರುವುದಕ್ಕಿಂತ ಹೆಚ್ಚಾಗಿ, ಒಗ್ಗದ ಹೊಸ ಬೂಟಿನಲ್ಲಿ ದೂರ ಓಡಬಾರದು ಎಂಬುದನ್ನು ಹೇಳುತ್ತದೆ.

ನಮ್ಮ ಪಕ್ಕದ ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆ ಅವರು 1920ರಲ್ಲೇ ಬೆಲ್ಜಿಯಂನ ಆಂಟ್ವರ್ಪ್ ಒಲಿಂಪಿಕ್ಸ್ ಮ್ಯಾರಥಾನಿನಲ್ಲಿ ಓಡಿ 19ನೇ ಸ್ಥಾನ ಪಡೆದಿದ್ದರು. ಅಂದಿನ ದೂರ 42.75 ಕಿ.ಮೀ., ಅಂದರೆ ಈಗಿನ ಮ್ಯಾರಥಾನಿಗಿಂತ ಅರ್ಧ ಕಿ.ಮೀ. ಹೆಚ್ಚು. ಆ ಕಾಲದಲ್ಲಿ ಪುಣೆಯ ಡೆಕ್ಕನ್ ಜಿಮ್ಖಾನಾದ ಓಟಗಳಲ್ಲಿ ಹಳ್ಳಿಗರು ಬರಿಗಾಲಲ್ಲಿ ಓಡುವುದನ್ನು ಕಂಡೇ ದೊರಾಬ್ಜಿ ಟಾಟಾ ಅವರಿಗೆ ಭಾರತದಿಂದ ತಂಡ ಕಳಿಸುವ ಆಸೆ ಹುಟ್ಟಿದ್ದು. ಬಾಲ್ಯದಿಂದ ಬರಿಗಾಲಲ್ಲಿ ನಡೆದ ಅಂಗಾಲು ನಿಧಾನವಾಗಿ ದಪ್ಪವಾಗುತ್ತದೆ, ಎಳೆತವನ್ನು ಹೆಚ್ಚು ತಾಳುತ್ತದೆ. ಇದು ನಿಜ. ಆದರೆ ಈ ಹೊಂದಾಣಿಕೆ ಬಹುಕಾಲದ ಸತತ ಅಭ್ಯಾಸದಿಂದ ಬಂದದ್ದು. ಬೂಟಿನಲ್ಲಿ ಬೆಳೆದವರು ಒಂದು ಭಾನುವಾರ ಏಕಾಏಕಿ ಬೂಟು ಬಿಟ್ಟರೆ ಅದು ಬರುವುದಿಲ್ಲ. ಅಭ್ಯಾಸ ನಿಂತರೆ ದಪ್ಪವೂ ಇಳಿಯುತ್ತದೆ.

ಯುಗಾದಿಗೆ ಮುಂಚೆ ಉತ್ತರ ಕರ್ನಾಟಕದಿಂದ ಶ್ರೀಶೈಲಕ್ಕೆ ಪಾದಯಾತ್ರೆ ಹೋಗುವವರಿಗೆ ಇನ್ನೊಂದು ಮಾತು. ಮಧ್ಯಾಹ್ನದ ಡಾಂಬರು ರಸ್ತೆಯ ಮೇಲೆ ಬರಿಗಾಲಲ್ಲಿ ನಡೆದಾಗ ಏಳುವ ಗುಳ್ಳೆ ಎಳೆತದ್ದಲ್ಲ, ಸುಟ್ಟ ಗಾಯದ್ದು. ಅದಕ್ಕೆ ಕಾಲು ಗಟ್ಟಿಯಿರುವುದು ಉತ್ತರವಲ್ಲ. ಬಿಸಿಲೇರುವ ಮುಂಚೆ ಮತ್ತು ಸಂಜೆ ನಡೆಯುವುದೇ ಉತ್ತರ.

ಗುಳ್ಳೆಯಿಂದ ಜೀವವೂ ಹೋಗಬಹುದಿತ್ತು

ಗುಳ್ಳೆ ಅಂದರೆ ಕ್ಷುಲ್ಲಕ ವಿಷಯ ಎನ್ನಿಸಬಹುದು. 1930ರಲ್ಲಿ ಅದು ಕ್ಷುಲ್ಲಕವಾಗಿರಲಿಲ್ಲ. ದಂಡಿ ಯಾತ್ರೆಗೆ ಆರು ವರ್ಷ ಮೊದಲು, 1924ರ ಬೇಸಿಗೆಯಲ್ಲಿ, ಅಮೆರಿಕದ ಅಧ್ಯಕ್ಷ ಕ್ಯಾಲ್ವಿನ್ ಕೂಲಿಜ್ ಅವರ 16 ವರ್ಷದ ಮಗ ಕಾಲುಚೀಲವಿಲ್ಲದೆ ಬೂಟು ಹಾಕಿಕೊಂಡು ಟೆನಿಸ್ ಆಡಿದ. ಕಾಲ್ಬೆರಳಿಗೆ ಗುಳ್ಳೆ ಎದ್ದಿತು. ಅದರ ಮೂಲಕ ಹೊಕ್ಕ ಸೋಂಕು ರಕ್ತಕ್ಕೇರಿತು. ಹೆಸರಾಂತ ವೈದ್ಯರೆಲ್ಲ ಸೇರಿದರೂ ಆಟವಾಡಿದ ಒಂದು ವಾರದಲ್ಲಿ, ಜುಲೈ 7ರಂದು, ಆತ ತೀರಿಕೊಂಡ. ಅಷ್ಟು ದೊಡ್ಡ ದೇಶದ ಅಧ್ಯಕ್ಷರ ಮಗನನ್ನು ಉಳಿಸಲು ಆಗ ಔಷಧವಿರಲಿಲ್ಲ. ಪೆನಿಸಿಲಿನ್ ಪತ್ತೆಯಾದದ್ದು 1928ರಲ್ಲಿ, ರೋಗಿಗಳಿಗೆ ಸಿಕ್ಕಿದ್ದು 1940ರ ದಶಕದಲ್ಲಿ. ಗುಜರಾತಿನ ದೂಳಿನ ರಸ್ತೆಯಲ್ಲಿ ಒಡೆದ ಗುಳ್ಳೆಯೊಂದಿಗೆ ನಡೆದವರು ಎಂಥ ಅಪಾಯವನ್ನು ಹೊತ್ತು ನಡೆದರೆಂದು ಇದರಿಂದ ಊಹಿಸಬಹುದು.

ಇಂದು ಆ್ಯಂಟಿಬಯೋಟಿಕ್ ಇದೆ. ಆದರೆ ಅಂದಿಗಿಂತ ಹೆಚ್ಚು ಮನೆಗಳಲ್ಲಿ ಸಕ್ಕರೆ ಕಾಯಿಲೆಯೂ ಇದೆ. ಹಲವು ವರ್ಷ ಸಕ್ಕರೆ ಕಾಯಿಲೆ ಇದ್ದವರ ಕಾಲಿನ ನರಗಳು ಮಂಕಾಗುತ್ತವೆ. ಗುಳ್ಳೆ ಎದ್ದರೂ ನೋವು ತಿಳಿಯುವುದಿಲ್ಲ, ನಡೆಯುತ್ತಲೇ ಇರುತ್ತಾರೆ, ಗುಳ್ಳೆ ಹುಣ್ಣಾಗುತ್ತದೆ, ರಕ್ತದ ಓಡಾಟ ಕಡಿಮೆಯಿರುವುದರಿಂದ ಹುಣ್ಣು ಮಾಯುವುದಿಲ್ಲ. ಅಂಥವರು ಬರಿಗಾಲಿನ ನಡಿಗೆಯನ್ನು ಬಿಡಬೇಕು, ದಿನವೂ ಅಂಗಾಲನ್ನು ಕಣ್ಣಿಂದ ನೋಡಿ ಪರೀಕ್ಷಿಸಬೇಕು, ಗುಳ್ಳೆ ಕಂಡರೆ ತಾವೇ ಚುಚ್ಚದೆ ವೈದ್ಯರಿಗೆ ತೋರಿಸಬೇಕು.

ಬಾರದಂತೆ ಏನು ಮಾಡಬೇಕು?

ಮೊದಲನೆಯದು, ದೂರವನ್ನು ಮೆಲ್ಲಗೆ ಏರಿಸುವುದು. ಹೃದಯ, ಸ್ನಾಯುಗಳಂತೆ ಚರ್ಮಕ್ಕೂ ತರಬೇತಿ ಬೇಕು. ವಾರದಿಂದ ವಾರಕ್ಕೆ ಸ್ವಲ್ಪ ಸ್ವಲ್ಪವೇ ಹೆಚ್ಚಿಸಿದರೆ ಎಳೆತಕ್ಕೆ ಸಿಗುವ ಜಾಗದಲ್ಲಿ ಚರ್ಮ ದಪ್ಪವಾಗುತ್ತದೆ. ಪಾದಯಾತ್ರೆಗೆ ಹೋಗುವವರು ಒಂದು ತಿಂಗಳು ಮುಂಚೆಯೇ, ಅಂದು ಹಾಕಲಿರುವ ಚಪ್ಪಲಿಯಲ್ಲೇ ನಡೆದು ರೂಢಿ ಮಾಡಿಕೊಳ್ಳಬೇಕು.

ಎರಡನೆಯದು ಬೂಟು. ಸಂಜೆಯ ಹೊತ್ತು ಕೊಳ್ಳಿ, ಆಗ ಕಾಲು ತುಸು ಊದಿರುತ್ತದೆ. ದೂರ ಓಡುವಾಗಲೂ ಊದುತ್ತದೆ, ಆದ್ದರಿಂದ ಬೆರಳ ಮುಂದೆ ಒಂದು ಹೆಬ್ಬೆರಳ ಅಗಲದಷ್ಟು ಜಾಗ ಇರಲಿ. ಹಿಮ್ಮಡಿ ಮಾತ್ರ ಮೇಲೆ ಕೆಳಗೆ ಜಾರಬಾರದು. ದಾರ ಬಿಗಿಯಾಗಿ ಕಟ್ಟಿ. ಹೊಸ ಚಪ್ಪಲಿ ಕಚ್ಚುತ್ತದೆ ಎಂಬ ನಮ್ಮ ಮಾತು ಬೂಟಿಗೂ ನಿಜ. ಸ್ಪರ್ಧೆಯ ದಿನ ಹೊಸ ಬೂಟು ಬೇಡವೇ ಬೇಡ.

ಮೂರನೆಯದು ಕಾಲುಚೀಲ. ಖಾದಿಗೆ ಬದುಕು ಕೊಟ್ಟವರ ಕಥೆಯ ನಡುವೆ ಹತ್ತಿಯನ್ನು ದೂರುವುದು ಸರಿ ಕಾಣದು. ಮೈಮೇಲಿನ ಬಟ್ಟೆಗೆ ಹತ್ತಿ ಒಳ್ಳೆಯದೇ. ಆದರೆ ಹತ್ತಿ ಬೆವರನ್ನು ಹೀರಿ ತನ್ನಲ್ಲೇ ಇಟ್ಟುಕೊಳ್ಳುತ್ತದೆ, ಅಂಗಾಲು ಪಸೆಯಲ್ಲೇ ಉಳಿಯುತ್ತದೆ. ಬೆವರನ್ನು ಹೊರಕ್ಕೆ ದಾಟಿಸುವ ಪಾಲಿಯೆಸ್ಟರ್, ಅಕ್ರಿಲಿಕ್ ಅಥವಾ ಉಣ್ಣೆಯ ಕಾಲುಚೀಲ ದೂರದ ಓಟಕ್ಕೆ ಮೇಲು. ಎರಡು ಪದರದ ಕಾಲುಚೀಲವೂ ಒಳ್ಳೆಯದು. ಆಗ ಜಾರಾಟ ಪದರಗಳ ನಡುವೆ ನಡೆಯುತ್ತದೆ, ಚರ್ಮದೊಳಗಿನ ಎಳೆತ ಕಡಿಮೆಯಾಗುತ್ತದೆ.

ನಾಲ್ಕನೆಯದು ಟೇಪು. ಔಷಧಿ ಅಂಗಡಿಯಲ್ಲಿ ಸಿಗುವ, ಬ್ಯಾಂಡೇಜು ಅಂಟಿಸಲು ಬಳಸುವ ತೆಳುವಾದ ಕಾಗದದ ಟೇಪು ಅಗ್ಗದ ಉಪಾಯ. 2016ರಲ್ಲಿ ಪ್ರಕಟವಾದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರ ಅಧ್ಯಯನವೊಂದರಲ್ಲಿ, ಸುಮಾರು 250 ಕಿ.ಮೀ.ಗಳ ಹಲವು ದಿನದ ಓಟದಲ್ಲಿ ಪಾಲ್ಗೊಂಡವರ ಕಾಲಿನ ಕೆಲವು ಭಾಗಗಳಿಗೆ ಮೊದಲೇ ಇಂಥ ಟೇಪು ಹಚ್ಚಿದಾಗ ಗುಳ್ಳೆಗಳು 40%ರಷ್ಟು ಕಡಿಮೆಯಾದವು. ನಿಮಗೆ ಯಾವಾಗಲೂ ಗುಳ್ಳೆ ಏಳುವ ಜಾಗ ಗೊತ್ತಿದ್ದರೆ ಒಣಗಿದ ಚರ್ಮದ ಮೇಲೆ ಸುಕ್ಕಿಲ್ಲದಂತೆ ಒಂದು ಪದರ ಹಚ್ಚಿ.

ವ್ಯಾಸಲೀನ್, ಕೊಬ್ಬರಿ ಎಣ್ಣೆ ಹಚ್ಚಬಹುದೇ? ಸಣ್ಣ ಓಟಕ್ಕಾದರೆ ಸರಿ. ಜಿಡ್ಡು ಮೊದಲ ಒಂದು ಗಂಟೆ ಘರ್ಷಣೆಯನ್ನು ಇಳಿಸುತ್ತದೆ. ಹೊತ್ತು ಕಳೆದಂತೆ ಅದರ ಗುಣ ತಿರುಗುತ್ತದೆ; ಮೂರು ಗಂಟೆಯ ಹೊತ್ತಿಗೆ ಘರ್ಷಣೆ ಹಚ್ಚದೇ ಇದ್ದಾಗಿನದಕ್ಕಿಂತ ಹೆಚ್ಚಾಗಬಹುದು. ದೂರದ ಓಟದಲ್ಲಿ ನಡುವೆ ಒರೆಸಿ ಮತ್ತೆ ಹಚ್ಚಬೇಕಾಗುತ್ತದೆ.

ಬೆವರು ತಡೆಯುವ ಔಷಧ? 1998ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅಮೆರಿಕದ ಸೈನಿಕ ಶಾಲೆಯ ವಿದ್ಯಾರ್ಥಿಗಳು 21 ಕಿ.ಮೀ. ನಡೆದರು. ಮೊದಲೇ ಕೆಲವು ರಾತ್ರಿ ಇದನ್ನು ಹಚ್ಚಿಕೊಂಡವರಲ್ಲಿ 21% ಮಂದಿಗೆ ಗುಳ್ಳೆ ಬಂದರೆ, ಹಚ್ಚದವರಲ್ಲಿ 48% ಮಂದಿಗೆ ಬಂತು. ಫಲ ಚೆನ್ನಾಗಿದೆ. ಆದರೆ ಹಚ್ಚಿಕೊಂಡವರಲ್ಲಿ 57% ಮಂದಿಗೆ ಚರ್ಮದ ಉರಿ, ತುರಿಕೆ ಕಾಣಿಸಿಕೊಂಡಿತು. ವೈದ್ಯರನ್ನು ಕೇಳದೆ ಇದಕ್ಕೆ ಕೈಹಾಕಬೇಡಿ.

ಕೊನೆಯದಾಗಿ, ಅತಿ ಮುಖ್ಯವಾದದ್ದು. ಗುಳ್ಳೆ ಏಳುವ ಮುಂಚೆ ಆ ಜಾಗ ಬಿಸಿಯಾಗಿ ಉರಿಯುತ್ತದೆ. ಅದು ಎಚ್ಚರಿಕೆ. ಆಗಲೇ ನಿಂತು, ಕಾಲುಚೀಲ ಬಿಚ್ಚಿ, ಮರಳು ಕೊಡವಿ, ಒಣಗಿಸಿ ಟೇಪು ಹಚ್ಚಿದರೆ ಐದು ನಿಮಿಷ ಹೋಗುತ್ತದೆ. ಸಹಿಸಿಕೊಂಡು ಓಡಿದರೆ ಐದು ದಿನ ಹೋಗುತ್ತದೆ.

ಬಂದೇ ಬಿಟ್ಟರೆ?

ಸಣ್ಣ ಗುಳ್ಳೆಯನ್ನು ಒಡೆಯಬೇಡಿ. ಅದರ ಮೇಲಿನ ಚರ್ಮವೇ ಅತ್ಯುತ್ತಮ ಬ್ಯಾಂಡೇಜು. ಅದರ ಕೆಳಗೆ ಒಂದು ದಿನದೊಳಗೆ ಹೊಸ ಕೋಶಗಳು ಬೆಳೆಯತೊಡಗುತ್ತವೆ, ಸುಮಾರು ಐದು ದಿನಕ್ಕೆ ಹೊಸ ಹೊರಪದರ ಸಿದ್ಧವಾಗುತ್ತದೆ. ಮೆತ್ತಗಿನ ಪಟ್ಟಿ ಕಟ್ಟಿ ಕಾಪಾಡಿದರೆ ಸಾಕು.

ಗುಳ್ಳೆ ದೊಡ್ಡದಾಗಿ ಕಾಲೂರಲು ಆಗದಷ್ಟು ನೋವಿದ್ದರೆ, ಸೋಪು ನೀರಿನಿಂದ ಕೈ ಮತ್ತು ಗುಳ್ಳೆ ತೊಳೆದು, ಸ್ಪಿರಿಟ್‌ನಿಂದ ಒರೆಸಿದ ಸೂಜಿಯಿಂದ ಅಂಚಿನಲ್ಲಿ ಚುಚ್ಚಿ ನೀರು ಇಳಿಸಬಹುದು. ಮೇಲಿನ ಚರ್ಮವನ್ನು ಕತ್ತರಿಸಬಾರದು. ಗುಳ್ಳೆಯೊಳಗೆ ದಾರ ಪೋಣಿಸಿ ಬಿಡುವ ಹಳೆಯ ಪದ್ಧತಿ ಬೇಡ. ಆ ದಾರ ನೀರನ್ನು ಹೊರಗೆ ತರುವಂತೆ ರೋಗಾಣುಗಳನ್ನು ಒಳಗೂ ಒಯ್ಯುತ್ತದೆ. ಬೂದಿ, ಹಲ್ಲುಜ್ಜುವ ಪೇಸ್ಟು ಕೂಡ ಬೇಡ. ಸುತ್ತಲೂ ಕೆಂಪಾಗಿ ಬಿಸಿಯಾದರೆ, ಕೀವು ಕಂಡರೆ, ಕೆಂಪು ಗೆರೆ ಮೇಲಕ್ಕೆ ಹರಿದರೆ, ಜ್ವರ ಬಂದರೆ ಅದೇ ದಿನ ವೈದ್ಯರನ್ನು ಕಾಣಿ.

ದಂಡಿಯ ನಂತರದ ನಡಿಗೆ

ದಂಡಿಯಿಂದ ಮರಳಿದ ಮೇಲೂ ಮಹಾದೇವಪ್ಪನವರ ಓಡಾಟ ನಿಲ್ಲಲಿಲ್ಲ. ಕಾನೂನುಭಂಗ ಚಳವಳಿಯಲ್ಲಿ ಅವರು ಜೈಲು ಕಂಡರು, ಪತ್ನಿ ಸಿದ್ದಮ್ಮನವರೂ ಕಂಡರು. ಹೊರಬಂದ ಮೇಲೆ ಹಾವೇರಿ ಸಮೀಪದ ಕೊರಡೂರಿನಲ್ಲಿ ಗ್ರಾಮಸೇವೆಯ ಆಶ್ರಮ ಕಟ್ಟಿದರು. ನೂಲುವುದು, ಊರ ಸ್ವಚ್ಛತೆ, ಹಳ್ಳಿಗರ ಕಷ್ಟಸುಖ ಎನ್ನುತ್ತ ಸುತ್ತಲಿನ ಹಳ್ಳಿಗಳನ್ನು ಸುತ್ತಿದರು.

1942ರಲ್ಲಿ ಬ್ರಿಟಿಷರೇ ತೊಲಗಿ ಎಂಬ ಕರೆ ಬಂದಾಗ ಅವರು ಭೂಗತರಾದರು. ಅವರ ತಂಡ ಸರ್ಕಾರದ ಕಂದಾಯ ವಸೂಲಿ ನಡೆಯದಂತೆ ಮಾಡುತ್ತ, ಒಂದು ಕಡೆ ಕಾಣಿಸಿಕೊಂಡು ಇನ್ನೊಂದು ಕಡೆಗೆ ಮರೆಯಾಗುತ್ತ ಪೊಲೀಸರಿಗೆ ಸಿಗದೆ ಸಂಚರಿಸಿತು. ರಸ್ತೆ, ರೈಲು ಎರಡರ ಮೇಲೂ ಕಣ್ಣಿದ್ದ ಕಾಲದಲ್ಲಿ ಹೊಲದ ಬದುವಿನ ಕಾಲುದಾರಿಯೇ ಗತಿ.

1943ರ ಏಪ್ರಿಲ್ 1ರಂದು ತಂಡ ವರದಾ ನದಿ ದಂಡೆಯ ಹೊಸರಿತ್ತಿಗೆ ಬಂತು. ರೈತರಿಂದ ವಸೂಲಿ ಮಾಡಿದ ಕಂದಾಯದ ಹಣವನ್ನು ಅಲ್ಲಿನ ವೀರಭದ್ರ ದೇವಸ್ಥಾನದಲ್ಲಿ ಪೊಲೀಸ್ ಕಾವಲಿನಲ್ಲಿ ಇಡಲಾಗಿತ್ತು. ಅದನ್ನು ವಶಪಡಿಸಿಕೊಳ್ಳುವ ಪ್ರಯತ್ನದಲ್ಲಿ ಪೊಲೀಸರ ಗುಂಡಿಗೆ ಮಹಾದೇವಪ್ಪನವರು ಬಲಿಯಾದರು. ಜತೆಗಾರರಾದ ತಿರಕಪ್ಪ ಮಡಿವಾಳರ ಮತ್ತು ವೀರಯ್ಯ ಹಿರೇಮಠರೂ ಅಲ್ಲೇ ಹುತಾತ್ಮರಾದರು. ಮಹಾದೇವಪ್ಪನವರಿಗೆ 32 ತುಂಬಲು ಇನ್ನೂ ಎರಡು ತಿಂಗಳಿತ್ತು. ಹಾವೇರಿಯಲ್ಲಿ ಅವರ ಸ್ಮಾರಕವಾಗಿ ವೀರಸೌಧವಿದೆ, ಹಾವೇರಿ ರೈಲು ನಿಲ್ದಾಣಕ್ಕೆ ಅವರ ಹೆಸರಿದೆ.

ಇಂಥವರನ್ನು ನೋವೇ ಆಗದ, ಗುಳ್ಳೆಯೇ ಏಳದ ಕಲ್ಲಿನ ಮನುಷ್ಯರನ್ನಾಗಿ ಮಾಡಿದರೆ ಅವರ ಹಿರಿಮೆ ಹೆಚ್ಚುವುದಿಲ್ಲ. ದಂಡಿಗೆ ನಡೆದವರದೂ ನಮ್ಮಂಥದೇ ಚರ್ಮ. ಎರಡು ಗಂಟೆಯಲ್ಲಿ ನೀರು ತುಂಬುವ, ಐದು ದಿನದಲ್ಲಿ ಮಾಯುವ ಅದೇ ಅಂಗಾಲು. ಅವರು ದೂರವನ್ನು ದಿನಗಳಿಗೆ ಹಂಚಿಕೊಂಡರು, ಬಿಸಿಲನ್ನು ತಪ್ಪಿಸಿಕೊಂಡರು, ಹೊರೆ ಇಳಿಸಿಕೊಂಡರು, ವಾರಕ್ಕೊಮ್ಮೆ ನಿಂತರು. ಮುಂದಿನ ಸಲ ನಿಮ್ಮ ಮನೆಯ ಹುಡುಗನೋ ಹುಡುಗಿಯೋ ದೂರದ ಓಟ ಮುಗಿಸಿ ಕುಂಟುತ್ತ ಬಂದರೆ, ಹಿಂದಿನವರ ಕಾಲಿನ ಉದಾಹರಣೆ ಕೊಡುವ ಮೊದಲು ಅವರ ಬೂಟು ಮತ್ತು ಕಾಲುಚೀಲವನ್ನು ಒಮ್ಮೆ ನೋಡಿ.